ತಲೆಯ ಮುಲಾಮು ಮುಖಕ್ಕೆ ಹಚ್ಚುವ ಮುನ್ನ ಇದನ್ನು ಓದಿ

ತಲೆಯಲ್ಲಿ ಹೊಟ್ಟು, ಮೂಗಿನ ಪಕ್ಕದ ಮಡಿಕೆಯಲ್ಲಿ ಹಳದಿ ಸಿಪ್ಪೆ, ಬಿಸಿಲಿಗೆ ಹೋದರೆ ಕೆನ್ನೆ ಉರಿ. ಇವೆಲ್ಲ ಒಟ್ಟಿಗಿದ್ದವರು ಮೆಡಿಕಲ್ ಶಾಪಿಗೆ ಹೋಗಿ ‘ಅಲರ್ಜಿಗೆ ಏನಾದ್ರೂ ಕೊಡಿ’ ಅಂದರೆ ಎಷ್ಟೋ ಸಲ ಕೈಗೆ ಬರುವುದು ಸ್ಟೀರಾಯ್ಡ್ ಟ್ಯೂಬು. ಇಲ್ಲವೇ ತಲೆಯಲ್ಲಿ ದಪ್ಪ ಪದರ ಏಳುವ ಸೋರಿಯಾಸಿಸ್‌ಗೆಂದು ಡಾಕ್ಟರು ಬರೆದ ಕ್ಲೋಬೆಟಸಾಲ್ ಎಂಬ ಬಲವಾದ ಸ್ಟೀರಾಯ್ಡ್ ಮುಲಾಮು ಮನೆಯಲ್ಲೇ ಇರುತ್ತದೆ, ಅದನ್ನೇ ಮುಖಕ್ಕೂ ಸವರಿಕೊಳ್ಳುತ್ತಾರೆ.

ಮೂರ್ನಾಲ್ಕು ದಿನದಲ್ಲಿ ಮುಖ ತಿಳಿಯಾಗುತ್ತದೆ. ಮೋಸ ಹೋಗುವುದು ಇಲ್ಲೇ. ಹಚ್ಚುವುದು ಬಿಟ್ಟರೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ಮತ್ತೆ ಹಚ್ಚುತ್ತಾರೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಚರ್ಮ ತೆಳ್ಳಗಾಗಿ ಕೆನ್ನೆಯ ಮೇಲೆ ಕೆಂಪು ನೂಲೆಳೆಯಂಥ ರಕ್ತನಾಳಗಳು ಎದ್ದು ಕಾಣುತ್ತವೆ. ಬಾಯಿಯ ಸುತ್ತ ಸಣ್ಣ ಗುಳ್ಳೆಗಳು, ತುಟಿಯಂಚಿನ ಕಿರಿದಾದ ಪಟ್ಟಿಯೊಂದನ್ನು ಮಾತ್ರ ಬಿಟ್ಟು. ಬರೀ ನೀರು ಬಿದ್ದರೂ ಉರಿ. ಸ್ಟೀರಾಯ್ಡ್ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ, ಬಿಟ್ಟ ಕೂಡಲೇ ಅವು ಹಿಗ್ಗುತ್ತವೆ. ರೊಸೇಸಿಯಾ, ಅಂದರೆ ಮುಖ ಪದೇ ಪದೇ ಕೆಂಪೇರಿ ಉರಿಯುವ ಚರ್ಮರೋಗ, ಇರುವವರ ನಾಳಗಳು ಮೊದಲೇ ಸುಲಭವಾಗಿ ಹಿಗ್ಗುವಂಥವು. ಮೇಲಾಗಿ ಮುಖದ ತೆಳು ಚರ್ಮ ಔಷಧಿಯನ್ನು ಹೆಚ್ಚು ಹೀರುತ್ತದೆ. ರೆಪ್ಪೆಯ ಮೇಲೆ ಬಹಳ ದಿನ ಹಚ್ಚಿದರೆ ಕಣ್ಣಿನ ಒತ್ತಡ ಏರುವ ಅಪಾಯವೂ ಇದೆ.

ಟ್ಯೂಬಿನ ಮೇಲಿನ ದೊಡ್ಡ ಹೆಸರನ್ನು ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್, ಫ್ಲೂಸಿನೋಲೋನ್ ಎಲ್ಲವೂ ಸ್ಟೀರಾಯ್ಡ್. ‘ಫಂಗಸ್ ಕ್ರೀಮು’, ‘ಬಿಳಿ ಮಾಡುವ ಕ್ರೀಮು’ ಎಂದು ಕೊಡುವ ಮಿಶ್ರಣಗಳಲ್ಲೂ ಇವು ಸೇರಿರುತ್ತವೆ. ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮ ಬಿಗಿಯಾಯಿತು. ಕೌಂಟರಿನಲ್ಲಿ ಈಗಲೂ ಸಿಗುತ್ತವೆ ಎನ್ನುವುದೇ ಸಂಕಟ.

ತಿಂಗಳುಗಟ್ಟಲೆ ಹಚ್ಚಿದ್ದರೆ ಹೆದರಿ ಒಂದೇ ದಿನ ನಿಲ್ಲಿಸಬೇಡಿ, ಅದನ್ನೇ ಮುಂದುವರಿಸಲೂ ಬೇಡಿ. ಬೇಗ ಚರ್ಮದ ಡಾಕ್ಟರನ್ನು ನೋಡಿ. ಅವರು ಸ್ಟೀರಾಯ್ಡನ್ನು ಹಂತಹಂತವಾಗಿ ಇಳಿಸಬಹುದು, ಸ್ಟೀರಾಯ್ಡ್ ಅಲ್ಲದ ಮುಲಾಮಾದ ಟ್ಯಾಕ್ರೊಲಿಮಸ್‌ನಂಥದಕ್ಕೆ ಬದಲಿಸಬಹುದು. ಬಿಟ್ಟ ಮೇಲಿನ ಕೆಂಪು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಆಗ ಮುಖಕ್ಕೆ ಸೌಮ್ಯ ಕ್ಲೆನ್ಸರ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಇಷ್ಟೇ ಸಾಕು. ನಿಂಬೆರಸ, ಸ್ಕ್ರಬ್, ಆವಿ ಯಾವುದೂ ಬೇಡ.

ಇನ್ನು ತಲೆ. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಯೀಸ್ಟಿಗೆ ಎಣ್ಣೆಯ ಕೊಬ್ಬಿನಾಮ್ಲಗಳೇ ಆಹಾರ. ಆದ್ದರಿಂದ ರಾತ್ರಿಯಿಡೀ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಹೊಟ್ಟು ಮೆತ್ತಗಾದಂತೆ ಕಂಡರೂ ಹಲವರಿಗೆ ಹೆಚ್ಚುತ್ತದೆ, ದಿಂಬಿನಿಂದ ಹಣೆಗೂ ಎಣ್ಣೆ ತಾಗುತ್ತದೆ. ಅಜ್ಜಿಯ ಕಾಲದ ಅಭ್ಯಾಸ ಬಿಡುವುದು ಕಷ್ಟ, ಆದರೂ ಹೊಟ್ಟು ಕೆರಳಿರುವಾಗ ಬಿಡಿ. 2% ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ 2 ಸಲ, 2ರಿಂದ 4 ವಾರ ಬಳಸಿ. ನೆತ್ತಿಯ ಚರ್ಮಕ್ಕೆ ತಾಗುವಂತೆ ಬೆರಳ ತುದಿಯಿಂದ ತಿಕ್ಕಿ 3ರಿಂದ 5 ನಿಮಿಷ ಬಿಟ್ಟು ತೊಳೆಯಿರಿ. ಹಚ್ಚಿದ ಕೂಡಲೇ ತೊಳೆದು ‘ಕೆಲಸ ಮಾಡಲಿಲ್ಲ’ ಎನ್ನುವವರೇ ಹೆಚ್ಚು. ಹತೋಟಿಗೆ ಬಂದ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ. ತೊಳೆಯುವಾಗ ತಲೆ ಹಿಂದಕ್ಕೆ ಬಾಗಿಸಿ, ನೊರೆ ಉರಿಯುವ ಕೆನ್ನೆಗೆ ಇಳಿಯದಿರಲಿ.

ಬೆಳ್ಳಿ ಬಣ್ಣದ ದಪ್ಪ ಪದರ ಕೂದಲಂಚು ದಾಟಿ ಹಣೆಗೆ ಬಂದಿದ್ದರೆ, ಮೊಣಕೈ ಮೊಣಕಾಲಲ್ಲೂ ಇದ್ದರೆ ಸೋರಿಯಾಸಿಸ್ ಇರಬಹುದು. ಅದನ್ನು ಬಾಚಣಿಗೆಯಿಂದ ಕೆರೆದು ಕೀಳಬೇಡಿ. ಗಾಯವಾದ ಜಾಗದಲ್ಲೇ ಹೊಸದು ಏಳಬಹುದು.

ಕಣ್ಣಲ್ಲಿ ಮರಳು ಬಿದ್ದಂತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ರೊಸೇಸಿಯಾ ಕಣ್ಣಿಗೂ ತಟ್ಟುತ್ತದೆ. ಹೋಗುವಾಗ ಖಾಲಿಯಾದವೂ ಸೇರಿ ಹಚ್ಚಿದ ಟ್ಯೂಬುಗಳನ್ನೆಲ್ಲ ಚೀಲದಲ್ಲಿ ಒಯ್ಯಿರಿ, ಯಾವುದನ್ನು ಎಷ್ಟು ತಿಂಗಳು ಹಚ್ಚಿದಿರಿ ಎಂದು ಮುಚ್ಚಿಡದೆ ಹೇಳಿ.