ಹಾರ್ಮೋನಿಯಂಗೆ ಬೆಳಗಿನ ಮುಕ್ಕಾಲು ಗಂಟೆಯೋ, ಭಾನುವಾರದ ಮೂರು ಗಂಟೆಯೋ?

ದಾವಣಗೆರೆಯ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಹಾರ್ಮೋನಿಯಂ ಕಲಿಯುವವರಿಗೆ ಉಳಿಯುವುದು ಇವೆರಡೇ. ಬಾಗಿಲು ಹಾಕಿ ಮನೆ ಸೇರುವಷ್ಟರಲ್ಲಿ ರಾತ್ರಿ ಒಂಬತ್ತೂವರೆ. ಆಮೇಲೆ ನುಡಿಸಿದರೆ ಪಕ್ಕದ ಮನೆಯವರು ಸುಮ್ಮನಿರರು.

ವಾರಕ್ಕೆ ನಾಲ್ಕು ಬೆಳಗ್ಗೆ, 6ರಿಂದ 6.45: ಲೆಕ್ಕಕ್ಕೆ ಅದೂ ಮೂರು ಗಂಟೆಯೇ. 10 ನಿಮಿಷ ತಿದಿಯ ಗಾಳಿ ಕಡಿಯದಂತೆ ಷಡ್ಜ (ಮೊದಲ ಸ್ವರ ‘ಸ’) ಹಿಡಿಯುವುದು, 20 ನಿಮಿಷ ಒಂದೇ ಅಲಂಕಾರ (ಸ್ವರಗಳ ಅಭ್ಯಾಸದ ಸಾಲು), ಉಳಿದ 15 ಹಿಂದಿನ ಪಾಠ. ಬೆರಳಿಗೆ ಓಟ ಕೂರುವುದು ಹೀಗೆ ದಿನ ಬಿಟ್ಟು ದಿನ ನುಡಿಸಿದಾಗಲೇ. ನಲ್ಲಿ ನೀರು ಬರುವ ಬೆಳಗ್ಗೆ ಮಾತ್ರ ಎಲ್ಲ ಕೆಡುತ್ತದೆ. ಅದನ್ನು ಮೊದಲೇ ಲೆಕ್ಕದಿಂದ ತೆಗೆದಿಡಿ. ಹಾರ್ಮೋನಿಯಂ ರಾತ್ರಿಯೇ ಹೊರತೆಗೆದಿರಲಿ, ಫೋನ್ ಬೇರೆ ಕೋಣೆಯಲ್ಲಿ.

ಭಾನುವಾರ ಪೂರ್ತಿ ಹಾಡು ಕೂಡಿಸಲು ಚೆನ್ನ. ಆದರೆ ಒಂದು ಮದುವೆ ಬಂತೆಂದರೆ ಹದಿನಾಲ್ಕು ದಿನದ ಅಂತರ. ಚನ್ನಗಿರಿ ಕಡೆ ಅಡಿಕೆ ಕೊಯ್ಲಿಗೆ ಹೋಗುವವರು ಇದನ್ನು ನೆಚ್ಚಲೇಬೇಡಿ.