2022ರ ಬ್ರಿಟಿಷ್ ಸ್ಪೀಡ್‌ವೇ ಸೀಸನ್: ದುಡ್ಡಿಗೆ ಮೋಸ ಇಲ್ಲ

ಸ್ಪೀಡ್‌ವೇ ಅಂದ್ರೆ ಮಣ್ಣಿನ ಅಂಡಾಕಾರದ ಟ್ರ್ಯಾಕ್ ಮೇಲೆ ನಡೆಯೋ ಬೈಕ್ ರೇಸ್. ಬ್ರೇಕೇ ಇಲ್ಲದ 500 ಸಿಸಿ ಬೈಕು, ಒಂದೇ ಗೇರು, ಮೆಥನಾಲ್ ಇಂಧನ. ಇಷ್ಟು ಕೇಳಿದ್ರೇನೇ ಮೈ ಜುಮ್ಮನ್ನುತ್ತೆ, ಇನ್ನು ಮ್ಯಾಂಚೆಸ್ಟರ್‌ನ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂನಲ್ಲಿ ಮೊದಲ ತಿರುವಿನ ಹತ್ರ ನಿಂತು ನೋಡಿದ್ರೆ ಬೇರೆ ಲೋಕಾನೇ ಬಿಡಿ. ಸ್ಟಾರ್ಟ್ ಲೈನಿಗೆ ಅಡ್ಡ ಕಟ್ಟಿರೋ ಟೇಪ್ ಮೇಲಕ್ಕೆ ಹಾರಿದ್ದೇ ತಡ ನಾಲ್ಕೂ ಜನ ಒಟ್ಟಿಗೆ ನುಗ್ತಾರೆ, ಎಡಗಾಲಿನ ಸ್ಟೀಲ್ ಶೂ ನೆಲಕ್ಕೆ ಉಜ್ಜುತ್ತೆ, ಹಿಂದಿನ ಚಕ್ರ ಅಡ್ಡ ಜಾರ್ತಾ ಇರುತ್ತೆ, ಎದ್ದ ಕೆಂಪು ಮಣ್ಣು ಬೇಲಿ ದಾಟಿ ನಮ್ಮ ಜಾಕೆಟ್ ಮೇಲೂ ಬೀಳುತ್ತೆ.

ಹೊಸಬರಿಗೂ ಲೆಕ್ಕ ಸುಲಭ. ನಾಲ್ಕು ಲ್ಯಾಪ್, ಮೊದಲು ಬಂದವರಿಗೆ 3, ಆಮೇಲೆ 2, 1, ಕೊನೆಯವರಿಗೆ ಸೊನ್ನೆ. ಇಂಥ ಒಂದೊಂದು ರೇಸಿಗೆ ಹೀಟ್ ಅಂತಾರೆ, ಎರಡು ತಂಡಗಳ ಒಂದು ಮ್ಯಾಚಿಗೆ 15 ಹೀಟ್. ಒಂದೊಂದು ಹೀಟ್ ಒಂದು ನಿಮಿಷದ ಆಸುಪಾಸು, ಅಷ್ಟರೊಳಗೆ ಉಸಿರು ಬಿಗಿಹಿಡಿದು ಕೂತಿರ್ತೀವಿ.

ಆ ವರ್ಷ ಪ್ರೀಮಿಯರ್‌ಶಿಪ್, ಅಂದ್ರೆ ಬ್ರಿಟನ್ನಿನ ಅಗ್ರ ಸ್ಪೀಡ್‌ವೇ ಲೀಗ್, ಗೆದ್ದಿದ್ದು ಮ್ಯಾಂಚೆಸ್ಟರ್‌ನ ತಂಡ ಬೆಲ್ ವ್ಯೂ ಏಸಸ್, ಫೈನಲ್‌ನಲ್ಲಿ ಶೆಫೀಲ್ಡ್ ತಂಡದ ಎದುರು. 1993ರ ನಂತರ ಅವ್ರಿಗೆ ಇದೇ ಮೊದಲ ಲೀಗ್ ಪಟ್ಟ, ಅಷ್ಟು ವರ್ಷ ಕಾದವರ ಖುಷಿ ನೆನೆಸಿಕೊಂಡ್ರೆ ಈಗ್ಲೂ ಕಣ್ಣು ಒದ್ದೆಯಾಗುತ್ತೆ. ಆ ವರ್ಷ ಅವ್ರ ತಂಡದಲ್ಲಿದ್ದ ಸವಾರ ಬ್ರೇಡಿ ಕರ್ಟ್ಜ್ ಹೊರಗಿನ ಲೈನ್ ಹಿಡಿದು ಓಡಿಸೋದು ನೋಡೋಕೇ ಟಿಕೆಟ್ ತಗೋಬಹುದು.

ಬೇಜಾರು ಅಂದ್ರೆ ಮಳೆ. ಒಂದೂರಲ್ಲಿ ಗೇಟ್ ತನಕ ಹೋದ ಮೇಲೆ ಮ್ಯಾಚ್ ಮುಂದಕ್ಕೆ ಹೋಯ್ತು ಅಂದ್ರು, ಮೊದ್ಲೇ ಹೇಳ್ಬೇಕಿತ್ತು. ಹೀಟ್‌ಗಳ ಮಧ್ಯೆ ಟ್ರ್ಯಾಕ್ ಸರಿಮಾಡೋ ಹೊತ್ತೂ ಸ್ವಲ್ಪ ಜಾಸ್ತಿನೇ. ಆದ್ರೂ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ.