ಅಪ್ಪನ 1967ರ ಫಿಯಟ್ ಮಾರಿಸಿಕೊಟ್ಟ ಸರ್ವಿಸ್: ಕೆಲಸ ಬೊಂಬಾಟ್, ಲೆಕ್ಕ ಮಾತ್ರ ಸ್ವಲ್ಪ ಗೋಜಲು

ಹಳೇ ಕಾರನ್ನ ಪೇಂಟ್ ಹೊಡಿಸ್ದೆ, ಇದ್ದಿದ್ದ್ ಇದ್ದ ಹಾಗೇ ಮಾರ್ಬೇಕು ಅಂತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಬೆಂಗಳೂರಿನ ಸರ್ವಿಸ್ ಇದು, ಇರೋದೇ ಇಬ್ರು, ಒಬ್ರು ಅರವತ್ತು ದಾಟಿರೋ ಯಜಮಾನ್ರು, ಇನ್ನೊಬ್ಬ ಅವ್ರ ಅಕ್ಕನ ಮಗ, ಫೋಟೋ ತೆಗೆಯೋದು ಆರ್‌ಟಿಓ ಓಡಾಟ ಎಲ್ಲ ಆ ಹುಡುಗಂದೇ. ಬೈಯೋದೂ ಸ್ವಲ್ಪ ಇದೆ, ಅದಕ್ಕೇ ಹೆಸರು ಹಾಕ್ತಿಲ್ಲ. ಅವ್ರು ನಮ್ಮಿಂದ ಕಾರು ಕೊಂಡ್ಕೊಳಲ್ಲ, ಅವ್ರ ಶೆಡ್ಡಲ್ಲಿ ಇಟ್ಕೊಂಡು ಗಿರಾಕಿ ಹುಡುಕಿ, ಪೇಪರ್ ಎಲ್ಲ ಮಾಡಿಸಿ, ಮಾರಿದ್ಮೇಲೆ ಕಮಿಷನ್ ತಗೋತಾರೆ.

ಕಾರು 1967ರ ಫಿಯಟ್ 1100 ಡಿಲೈಟ್. ಮುಂಬೈ ಕುರ್ಲಾದಲ್ಲಿ ಪ್ರೀಮಿಯರ್‌ನವ್ರು ಮಾಡ್ತಿದ್ದಿದ್ದು, ಮುಂದೆ ಇದೇ ಕಾರು ಪ್ರೆಸಿಡೆಂಟ್ ಅನ್ನಿಸ್ಕೊಂಡು ಆಮೇಲೆ ಪದ್ಮಿನಿ ಆಯ್ತಲ್ಲ, ಅದೇ. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದಕ್ಕೆ ಒಂದೇ ಸೀಟು. ಎಂವೈ ಇಂದ ಶುರುವಾಗೋ ಹಳೇ ಮೈಸೂರು ನಂಬರ್, ಅಂದ್ರೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬರೋಕ್ ಮುಂಚಿಂದು. ತಿಳಿ ಹಸಿರು ಬಣ್ಣ, ಕಂಪನಿಯವ್ರು ಹೊಡೆದಿದ್ದು ಬಿಟ್ರೆ ಇವತ್ತಿನವರೆಗೂ ಇನ್ನೊಂದು ಕೋಟ್ ಬಿದ್ದಿಲ್ಲ.

ನಮ್ಮಪ್ಪ ಮೂರನೇ ಓನರ್. ಮೊದಲನೆಯವ್ರು ಬೆಂಗಳೂರಲ್ಲಿ ಕಾಫಿ ವ್ಯಾಪಾರ ಮಾಡ್ತಿದ್ದೋರು. ಆಗೆಲ್ಲ ಬೆಳೆಗಾರರು ಕಾಫಿನ ಕಾಫಿ ಬೋರ್ಡ್ ಪೂಲ್‌ಗೇ ಕೊಡ್ಬೇಕಿತ್ತು, ಬೋರ್ಡು ಹರಾಜು ಹಾಕೋದು, ಇವ್ರಂಥ ವ್ಯಾಪಾರಿಗಳು ಅಲ್ಲಿ ಕೂತು ಬಿಡ್ ಮಾಡೋರು. ಫಿಯಟ್ ಬೇಕು ಅಂದ್ರೆ ಬುಕ್ ಮಾಡಿ ವರ್ಷಗಟ್ಟಲೆ ಕಾಯೋ ಕಾಲ ಅದು. ಅವ್ರಿಂದ ತಿಪಟೂರಿನ ಒಬ್ಬ ಡಾಕ್ಟ್ರಿಗೆ ಬಂತು, ಅವ್ರು ಸುತ್ತಮುತ್ತಲ ಹಳ್ಳಿಗೆಲ್ಲ ಇದ್ರಲ್ಲೇ ಹೋಗಿ ಪೇಷಂಟ್ ನೋಡ್ತಿದ್ರು. ಅವ್ರ ಮಗ ಅಮೆರಿಕಕ್ಕೆ ಹೋಗಿ ವಾಪಸ್ ಬರಲ್ಲ ಅಂತ ಗ್ಯಾರಂಟಿ ಆದ್ಮೇಲೆ ನಮ್ಮಪ್ಪಂಗೆ ಕೊಟ್ರು, ಅಪ್ಪ ಆಗ ಅಲ್ಲೇ ಬ್ಯಾಂಕಲ್ಲಿದ್ರು.

ಅಪ್ಪ ಹೋದ್ಮೇಲೆ ಕಾರು ನಿಂತೇಬಿಡ್ತು. ಗುಜರಿಯವ್ರು ಗೇಟ್ ಹತ್ರ ಬಂದು ಇಣುಕಿ ನೋಡೋಕೆ ಶುರು ಮಾಡಿದ್ರು. ಸೆಕೆಂಡ್ ಹ್ಯಾಂಡ್ ಡೀಲರ್ ಒಬ್ರು ಬಂದು ಒಂದು ರೌಂಡ್ ಸುತ್ತಿ "ಎಪ್ಪತ್ತು ಸಾವಿರ ಕೊಡ್ತೀನಿ ಮೇಡಂ, ಅದೂ ನಿಮ್ಮ ಮುಖ ನೋಡಿ" ಅಂದ್ರು. ನಮ್ ಚಿಕ್ಕಪ್ಪಂದು ಇನ್ನೊಂದು ರಾಗ, "ಟಿಂಕರಿಂಗ್ ಪೇಂಟಿಂಗ್ ಮಾಡ್ಸಿ, ಸೀಟ್‌ಗೆ ಹೊಸ ರೆಕ್ಸಿನ್ ಹಾಕ್ಸು, ಆಗ್ ನೋಡು ರೇಟು" ಅಂತ. ಖರ್ಚು ನಮ್ದು, ಐಡಿಯಾ ಅವ್ರದ್ದು.

ಈ ಸರ್ವಿಸ್ ಯಜಮಾನ್ರು ಬಂದವ್ರೇ ಮಾಡಿದ ಮೊದಲ ಕೆಲಸ ಜೇಬಿಂದ ಒಂದು ಅಯಸ್ಕಾಂತ ತೆಗೆದು, ಕರ್ಚೀಫಲ್ಲಿ ಸುತ್ತಿ, ಬಾಗಿಲ ಕೆಳಗೆ ವೀಲ್ ಪಕ್ಕ ಡಿಕ್ಕಿ ಅಂಚು ಅಂತ ಕಾರಿನ ಸುತ್ತ ಇಟ್ಟಿಟ್ಟು ನೋಡಿದ್ದು. ತುಕ್ಕು, ತಗ್ಗು ಮುಚ್ಚೋಕೆ ಪುಟ್ಟಿ ಬಳಿದಿದ್ರೆ ಅಲ್ಲಿ ಅಯಸ್ಕಾಂತ ಹಿಡಿಯಲ್ಲ. ಎಲ್ಲಾ ಕಡೆ ಟಕ್ ಅಂತ ಹಿಡೀತು. ಆಮೇಲೆ ಡ್ರೈವರ್ ಬಾಗಿಲ ಕಿಟಕಿ ಅಂಚಿನ ಹತ್ರ ನಿಂತ್ಕೊಂಡ್ರು. ಅಲ್ಲಿ ಮೊಣಕೈ ಇಟ್ಟೂ ಇಟ್ಟೂ ಹಸಿರು ಸವೆದು, ಒಳಗಿನ ಬೂದು ಪ್ರೈಮರ್ ಕಂಡು, ಮಧ್ಯೆ ಒಂದು ಅಂಗೈಯಷ್ಟು ಜಾಗದಲ್ಲಿ ಬರೀ ತಗಡು ಹೊಳೀತಿದೆ. ಡಾಕ್ಟ್ರದ್ದು ಅರ್ಧ ಅಪ್ಪಂದು ಅರ್ಧ ಇರ್ಬೇಕು. ಚಿಕ್ಕಪ್ಪ "ಅದೊಂದು ಟಚಪ್ ಮಾಡ್ಸಿದ್ರೆ ಆಯ್ತು" ಅಂತ ಬಾಯಿ ಹಾಕಿದ್ರು. ಯಜಮಾನ್ರು ಅವ್ರ ಕಡೆ ತಿರುಗ್ಲೂ ಇಲ್ಲ, ನಮ್ಮಮ್ಮಂಗೆ ಹೇಳಿದ್ರು, "ಅಮ್ಮಾವ್ರೇ, ಪೇಂಟ್ ಹೊಡ್ಸಿರೋ ಫಿಯಟ್ ಎಲ್ಲಿ ಬೇಕಾದ್ರೂ ಸಿಗತ್ತೆ. ಇದನ್ನ ಒರೆಸೋದಕ್ಕೂ ಹೋಗ್ಬೇಡಿ." ಆವಾಗ್ಲೇ ನಂಗೆ ಅನ್ನಿಸ್ತು ಈ ಮನುಷ್ಯನ ಕೈಗೆ ಕೊಡ್ಬಹುದು ಅಂತ.

ಇದು ಬರೀ ಅವ್ರ ಹುಚ್ಚಲ್ಲ. ಆಮೇಲೆ ಓದಿ ತಿಳ್ಕೊಂಡೆ, 2024ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನ ಹಳೇ ಕಾರುಗಳ ಶೋನಲ್ಲಿ ಮೊದಲ ಬಹುಮಾನ ಹೊಡೆದಿದ್ದು 1934ರ ಬುಗಾಟಿ ಟೈಪ್ 59, ರಿಸ್ಟೋರ್ ಮಾಡದೇ ಇರೋ, ಅಂದ್ರೆ ಮತ್ತೆ ಹೊಸದರ ಥರ ಮಾಡಿಸದೇ ಇರೋ ಕಾರು. ಅದು ಒಂದು ಕಾಲದಲ್ಲಿ ಬೆಲ್ಜಿಯಂ ರಾಜ ಮೂರನೇ ಲಿಯೋಪೋಲ್ಡ್ ಹತ್ರ ಇತ್ತು, ಅವ್ನೇ ಕಪ್ಪು ಬಣ್ಣ ಹೊಡೆಸಿ ಹಳದಿ ಪಟ್ಟೆ ಹಾಕ್ಸಿದ್ದು, ಅದನ್ನ ಹಾಗೇ ಬಿಟ್ಟಿದಾರೆ. ಆ ಶೋ 1950ರಿಂದ ನಡೀತಿದೆ, ಹೊಳಿಯೋ ಕಾರುಗಳೇ ಗೆಲ್ತಿದ್ದ ಜಾಗ, ರಿಸ್ಟೋರ್ ಮಾಡದ ಪ್ರಿಸರ್ವೇಶನ್ ಕ್ಲಾಸಿನ ಕಾರು ಟಾಪ್ ಪ್ರೈಜ್ ತಗೊಂಡಿದ್ದು ಅದೇ ಮೊದಲು. ಚಿಕ್ಕಪ್ಪಂಗೆ ಫೋಟೋ ಕಳ್ಸಿದೆ, ಬ್ಲೂ ಟಿಕ್ ಬಂತು, ಉತ್ತರ ಬರ್ಲಿಲ್ಲ.

ಹಾಗಂತ ಏನೂ ಮುಟ್ಟದೇ ಇರ್ಲಿಲ್ಲ. ಸೇಫ್ಟಿ ಕೆಲಸ ಬೇರೆ ಅಲಂಕಾರ ಬೇರೆ ಅನ್ನೋದು ಅವ್ರ ಲೆಕ್ಕ. ನಿಂತಿದ್ದ ಎಂಜಿನ್‌ಗೆ ಸೆಲ್ಫ್ ಹೊಡೆಯೋಕೆ ಬಿಡ್ಲಿಲ್ಲ, ಪ್ಲಗ್ ಬಿಚ್ಚಿ ಒಳಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದಿನ ಬಿಟ್ಟು, ಕೈಯಲ್ಲೇ ತಿರುಗ್ಸಿ ನೋಡಿ ಆಮೇಲೆ ಸ್ಟಾರ್ಟ್ ಮಾಡಿದ್ದು. ಪೆಟ್ರೋಲ್ ಟ್ಯಾಂಕ್ ಇಳಿಸಿ ಕ್ಲೀನ್ ಮಾಡಿದ್ರು, ಬ್ರೇಕ್ ಸಿಲಿಂಡರ್ ರಬ್ಬರ್‌ಗಳು, ಪೆಟ್ರೋಲ್ ಪೈಪು, ಟೈರು ಇಷ್ಟು ಬದಲಾಯ್ಸಿದ್ರು, ಸಾಮಾನೆಲ್ಲ ಜೆ.ಸಿ. ರೋಡಿಂದು, ಬಿಲ್ ಸಮೇತ ಕೊಟ್ರು. ತೆಗೆದ ಹಳೇ ಪಾರ್ಟ್ ಒಂದೂ ಎಸೆದಿಲ್ಲ, ಒಂದೊಂದಕ್ಕೂ ಚೀಟಿ ಕಟ್ಟಿ ಗೋಣಿಚೀಲಕ್ಕೆ ಹಾಕಿಟ್ಟು ಕೊಂಡವ್ರಿಗೆ ಕಾರಿನ ಜೊತೆ ಕೊಟ್ರು. ಈ ಕೆಲಸಕ್ಕೆ ನನ್ನ ಕಡೆಯಿಂದ ಫುಲ್ ಮಾರ್ಕ್ಸ್.

ಇನ್ನು ಪೇಪರ್. ಇವ್ರನ್ನ ಹುಡುಕ್ಕೊಂಡು ಹೋಗ್ಬೇಕಾಗಿರೋದೇ ಇದಕ್ಕೆ. ಕಾರು ಅಪ್ಪನ ಹೆಸರಲ್ಲೇ ಇತ್ತು, ಅಪ್ಪ ಇಲ್ಲ, ಹಾಗಾಗಿ ಮೊದಲು ಡೆತ್ ಸರ್ಟಿಫಿಕೇಟು, ನಾಡಕಚೇರಿಯಿಂದ ವಂಶವೃಕ್ಷ, ನಮ್ಮ ಅಣ್ಣಂದು ನಂದು ಒಪ್ಪಿಗೆ ಪತ್ರ ಎಲ್ಲ ಇಟ್ಟು ಫಾರಂ 31ರಲ್ಲಿ ಅಮ್ಮನ ಹೆಸರಿಗೆ ಮಾಡ್ಸಿದ್ರು. ಡೀಲರುಗಳು ಹೇಳ್ತಾರೆ "ಖಾಲಿ ಫಾರಂಗೆ ಸೈನ್ ಹಾಕ್ಕೊಡಿ ನಾವ್ ನೋಡ್ಕೋತೀವಿ" ಅಂತ, ದಯವಿಟ್ಟು ಆ ಕೆಲಸ ಮಾಡ್ಬೇಡಿ, ತೀರ್ಕೊಂಡವ್ರ ಹೆಸರಲ್ಲಿರೋ ಕಾರನ್ನ ನೇರ ಮಾಮೂಲಿ ಮಾರಾಟದ 29, 30 ಫಾರಂನಲ್ಲಿ ಮಾರೋಕೆ ಬರಲ್ಲ. ಆಮೇಲೆ ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದ್ರೆ ಅವ್ರ ರಿಜಿಸ್ಟರಲ್ಲಿ ಈ ಕಾರಿನ ಬಗ್ಗೆ ಇರೋದ್ರ ನಕಲು ತೆಗೆಸಿದ್ರು, ಮೊದಲ ಓನರ್‌ನಿಂದ ಅಪ್ಪನ ತನಕ ಯಾರಿಂದ ಯಾರಿಗೆ ಯಾವಾಗ ಹೋಯ್ತು ಅನ್ನೋದು ಅದ್ರಲ್ಲಿ ಬಂತು. ನಾವು ಇಷ್ಟು ವರ್ಷ ಬಾಯಲ್ಲಿ ಹೇಳ್ಕೊಂಡು ಬಂದ ಕಥೆಗೆ ಸರ್ಕಾರಿ ಸೀಲು ಬಿತ್ತು ಅನ್ನಿ.

ಗ್ಲೋವ್ ಬಾಕ್ಸಲ್ಲಿ ಡಾಕ್ಟ್ರ ಒಂದು ಉದ್ದದ ನೋಟ್‌ಬುಕ್ ಇತ್ತು, ಊರು, ಕಿಲೋಮೀಟರು, ಹಾಕ್ಸಿದ ಪೆಟ್ರೋಲು ಬರ್ಕೊಂಡಿದಾರೆ. ಹೊನ್ನವಳ್ಳಿ, ಹುಳಿಯಾರು, ನೊಣವಿನಕೆರೆ, ಮಧ್ಯೆ ಮಧ್ಯೆ "ಹೆರಿಗೆ, ರಾತ್ರಿ 2" ಅಂತ. ಕೆಲವು ಕಡೆ ಪೇಷಂಟ್ ಹೆಸರೂ ಇದೆ. ಹುಡುಗ ಖುಷಿಯಾಗಿ ಪೂರ್ತಿ ನೋಟ್‌ಬುಕ್ ಫೋಟೋ ತೆಗೆದು ಹಾಕೋಕೆ ಹೊರಟಿದ್ದ, ಯಜಮಾನ್ರೇ ತಡೆದು ಹೆಸರಿರೋ ಪುಟ ಒಂದೂ ಹೊರಗೆ ಬರ್ಬಾರ್ದು ಅಂತ ಗದರಿಸಿದ್ರು. ಹಿಂದಿನ ಸೀಟ್ ಎತ್ತಿದಾಗ ಕೆಳಗಿನ ತಗಡಿನ ಸಂದಿಯಲ್ಲಿ ಒಣಗಿ ಹೋದ, ಹುರಿಯದ ಕಾಫಿ ಬೀಜ ಏಳೆಂಟು ಸಿಕ್ಕವು, ಮೊದಲ ಓನರ್ ಸ್ಯಾಂಪಲ್ ಸಾಗಿಸ್ತಿದ್ದಾಗ ಚೆಲ್ಲಿರ್ಬೇಕು, ಐವತ್ತು ವರ್ಷದಿಂದ ಅಲ್ಲೇ ಕೂತಿವೆ. ಅದನ್ನೂ ತೆಗೀಲಿಲ್ಲ, ಹಾಗೇ ಫೋಟೋ ತೆಗೆದು ಸೀಟ್ ಮುಚ್ಚಿದ್ರು.

ಆದ್ರೆ ನಮ್ಮನೇ ಸೂಪರ್ ಹಿಟ್ ಕಥೆಗೆ ಕತ್ತರಿ ಬಿತ್ತು. ಒಬ್ಬ ದೊಡ್ಡ ಸಿನಿಮಾ ನಟ ತಿಪಟೂರಿಗೆ ಬಂದಾಗ ಈ ಕಾರಲ್ಲೇ ಕರ್ಕೊಂಡು ಹೋಗಿದ್ರು ಅಂತ ಅಪ್ಪ ಯಾವಾಗ್ಲೂ ಹೇಳೋರು. "ಫೋಟೋ ಇದ್ಯಾ ಮೇಡಂ?" ಇಲ್ಲ. "ಪೇಪರ್ ಕಟಿಂಗು?" ಇಲ್ಲ. "ಹಂಗಾದ್ರೆ ಬರೆಯಲ್ಲ. ಒಂದು ಸುಳ್ಳು ಅಂತ ಅನುಮಾನ ಬಂದ್ರೆ ಉಳಿದ ನಿಜಾನೂ ನಂಬಲ್ಲ ಜನ." ಅಮ್ಮಂಗೆ ಸ್ವಲ್ಪ ಬೇಜಾರಾಯ್ತು, ನಂಗೆ ಸರಿ ಅನ್ನಿಸ್ತು.

ಜಾಹೀರಾತಲ್ಲಿ ಮೊದಲ ಹತ್ತು ಫೋಟೋನೂ ತುಕ್ಕಿಂದೇ! ಬಾಗಿಲ ಕೆಳಗಂಚು, ಮುಂದಿನ ಕಾಲಿಡೋ ಜಾಗದ ತಳ, ಜಾಕ್ ಕೊಡೋ ಕಡೆ, ಸ್ಟೆಪ್ನಿ ಇಡೋ ಗುಂಡಿ, ಎಲ್ಲದರ ಪಕ್ಕ ಒಂದು ಸ್ಕೇಲ್ ಇಟ್ಟು ತೆಗೆದಿದಾನೆ. ಹುಡುಗಿ ನೋಡೋಕೆ ಬಂದೋರಿಗೆ ಮೊದಲು ಜಾತಕದ ದೋಷ ತೋರಿಸಿದ ಹಾಗಾಯ್ತಲ್ಲಪ್ಪಾ ಅಂದೆ ನಾನು. ಆದ್ರೆ ಅದ್ರಿಂದ ಚೌಕಾಸಿಯವ್ರು ಅರ್ಧಕ್ಕರ್ಧ ಅಲ್ಲೇ ಉದುರಿ ಹೋದ್ರು, ಬಂದವ್ರು ಗೊತ್ತಿದ್ದೇ ಬಂದ್ರು.

ವಿಂಟೇಜ್ ರಿಜಿಸ್ಟ್ರೇಶನ್ ಬಗ್ಗೆನೂ ಸರಿಯಾಗಿ ಹೇಳಿದ್ರು, ಎಷ್ಟೋ ಜನ ಇದ್ರಲ್ಲಿ ಟೋಪಿ ಹಾಕ್ತಾರೆ. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಶನ್ ಆಗಿ ಐವತ್ತು ವರ್ಷ ದಾಟಿರೋ, ಮೂಲ ರೂಪದಲ್ಲೇ ಇರೋ ಕಾರಿಗೆ ವಿಂಟೇಜ್ ಅಂತ ಮಾಡಿಸ್ಬಹುದು, ಹೊಸದಾಗಿ ರಿಜಿಸ್ಟರ್ ಆಗೋದಾದ್ರೆ 20,000 ರೂಪಾಯಿ ಫೀಸು, ಪ್ಲೇಟಲ್ಲಿ ವಿಎ ಅಂತ ಬರೋ ಸೀರೀಸ್ ನಂಬರು, ಹತ್ತು ವರ್ಷ ವ್ಯಾಲಿಡಿಟಿ. ಈಗಾಗ್ಲೇ ರಿಜಿಸ್ಟರ್ ಆಗಿರೋದಕ್ಕೆ ಹಳೇ ನಂಬರೇ ಉಳಿಯತ್ತೆ. ಆದ್ರೆ ಒಂದ್ಸಲ ವಿಂಟೇಜ್ ಆಯ್ತು ಅಂದ್ರೆ ದಿನಾ ಓಡಿಸೋ ಹಾಗಿಲ್ಲ, ಬಾಡಿಗೆಗೆ ಬಿಡೋ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥದಕ್ಕೆ ಮಾತ್ರ. ಅಪ್ಪ ಐದೈದು ವರ್ಷಕ್ಕೆ ಮಾಡಿಸ್ತಿದ್ದ ಮಾಮೂಲಿ ಆರ್‌ಸಿ ರಿನೀವಲ್ ಇನ್ನೂ ಚಾಲ್ತಿಲಿತ್ತು, "ಅದನ್ನ ಹಾಗೇ ಬಿಡಿ, ಏನ್ ಮಾಡ್ಬೇಕು ಅಂತ ತಗೊಳ್ಳೋವ್ರು ಡಿಸೈಡ್ ಮಾಡ್ಲಿ" ಅಂದ್ರು. ನಮ್ಮತ್ರ ಸುಮ್ನೆ ಇಪ್ಪತ್ತು ಸಾವಿರ ಕೀಳ್ಬಹುದಿತ್ತು, ಕೀಳ್ಲಿಲ್ಲ.

ಗಿರಾಕಿಗಳಲ್ಲಿ ಒಬ್ರು ಮದುವೆ ಬಾಡಿಗೆಗೆ ಬಿಡ್ತೀನಿ, ಬಿಳಿ ಪೇಂಟ್ ಹೊಡಿಸ್ತೀನಿ ಅಂತ ಜಾಸ್ತಿ ದುಡ್ಡು ಹೇಳಿದ್ರು. ಅಮ್ಮ ಬೇಡ ಅಂದ್ಬಿಟ್ರು. ಇಲ್ಲಿ ಯಜಮಾನ್ರು ಒಂದು ಮಾತೂ ಒತ್ತಾಯ ಮಾಡ್ಲಿಲ್ಲ, ಕಮಿಷನ್ ಅವ್ರದ್ದೂ ಕಮ್ಮಿ ಆಗೋದಿದ್ರೂ. ಕೊನೆಗೆ ಕೊಯಮತ್ತೂರಿನ ಒಬ್ರು ತಗೊಂಡ್ರು, ಟಾರ್ಚ್ ಹಿಡ್ಕೊಂಡು ಕಾರಿನ ಕೆಳಗೇ ಅರ್ಧ ದಿನ ಮಲಗಿದ್ರು ಆ ಮನುಷ್ಯ, ಎದ್ದು ಬಂದು ನೋಟ್‌ಬುಕ್ ಕಾರಿನ ಜೊತೆ ಬರತ್ತಾ ಅಂತ ಒಂದೇ ಪ್ರಶ್ನೆ ಕೇಳಿದ್ರು. ಮೂರೂವರೆ ಲಕ್ಷದ ಮೇಲೆ ಸ್ವಲ್ಪ ಚಿಲ್ಲರೆಗೆ ಆಯ್ತು. ಬೇರೆ ರಾಜ್ಯ ಆದ್ರಿಂದ ಫಾರಂ 28ರಲ್ಲಿ ಎನ್‌ಓಸಿ ಬೇಕಿತ್ತು, ಅದೂ ಹುಡುಗನೇ ಮಾಡ್ಸಿದ.

ಈಗ ಬೈಗುಳ. ಫೋನ್ ಎತ್ತಲ್ಲ. ವಾಟ್ಸಾಪ್ ಮಾಡಿದ್ರೆ ರಾತ್ರಿ ಹನ್ನೊಂದಕ್ಕೆ ಒಂದು ಥಂಬ್ಸ್ ಅಪ್. ನಂಗಂತೂ ಆ ಹೆಬ್ಬೆರಳು ನೋಡಿದ್ರೆ ಉರಿಯೋಷ್ಟಾಗಿತ್ತು.

ಅದಕ್ಕಿಂತ ದೊಡ್ಡದು ಇದು. ಒಂದ್ಸಲ ಶೆಡ್‌ಗೆ ಹೋದಾಗ ಮೀಟರಲ್ಲಿ ಕಿಲೋಮೀಟರ್ ಜಾಸ್ತಿ ಕಂಡು ಕೇಳಿದ್ರೆ, ಭಾನುವಾರ ಹಳೇ ಕಾರಿನವ್ರು ಸೇರೋ ಕಡೆ ತಗೊಂಡು ಹೋಗಿದ್ರಂತೆ, ಜನ ನೋಡ್ಲಿ ಅಂತ. ಉದ್ದೇಶ ಒಳ್ಳೇದೇ ಇರ್ಬಹುದು, ಆದ್ರೆ ಕಾರು ಆಗ ನಮ್ಮಮ್ಮನ ಹೆಸರಲ್ಲಿ, ದಾರೀಲಿ ಯಾರಿಗಾದ್ರೂ ತಾಗಿದ್ರೆ ಕೋರ್ಟಿಗೆ ಅಲೆಯೋರು ಯಾರು? ಇನ್ಶೂರೆನ್ಸ್ ನಾನು ಮುಂಚೆನೇ ಕಟ್ಟಿದ್ದೆ ಆ ಮಾತು ಬೇರೆ, ಹೇಳದೇ ಕೇಳದೇ ರೋಡಿಗೆ ಇಳಿಸೋದು ತಪ್ಪು. ಯಜಮಾನ್ರು ಸಾರಿ ಕೇಳಿದ್ರು, ಅಕ್ಕನ ಮಗನ ಕಡೆ ನೋಡ್ಕೊಂಡು ಕೇಳಿದ್ರು.

ಕಮಿಷನ್ ಶೇಕಡಾ ಆರು ಅಂತ ಮಾತಾಗಿತ್ತು. ಕೊನೇ ಲೆಕ್ಕದಲ್ಲಿ ಶೆಡ್ ಬಾಡಿಗೆ ಅಂತ ಒಂದು, ಫೋಟೋಗ್ರಫಿ ಅಂತ ಒಂದು, "ಆಫೀಸ್ ಖರ್ಚು" ಅಂತ ಇನ್ನೊಂದು ಸೇರ್ಕೊಂಡಿತ್ತು. ಮೊದಲೆರಡು ಹೋಗ್ಲಿ ಅಂತ ಕೊಟ್ಟೆ, ಮೂರನೇದು ಏನು ಅಂತ ರಸೀದಿ ಕೇಳಿದೆ, ರಸೀದಿ ಇರ್ಲಿಲ್ಲ, ತೆಗೆದ್ರು. ಕೇಳ್ದೇ ಇದ್ರೆ ತೆಗೀತಿರ್ಲಿಲ್ಲ.

ನನ್ನ ಲೆಕ್ಕಕ್ಕೆ ಐದಕ್ಕೆ ನಾಲ್ಕು. ಮೆಕ್ಯಾನಿಕ್ ಕೆಲಸ, ಪೇಪರು, ಕಾರಿನ ಕಥೆ ಬರೆದ ರೀತಿ, ಮೂರಕ್ಕೂ ಐದೇ, ಫೋನು ಮತ್ತು ಬಿಲ್ಲು ಸೇರಿ ಒಂದನ್ನ ನುಂಗಿದ್ವು. ಹೊಳಿಯೋ ಕಾರು ಇರೋರಿಗೆ ಇವ್ರು ಬೇಕಾಗಿಲ್ಲ, ಮಾಮೂಲಿ ಆನ್‌ಲೈನ್ ಜಾಹೀರಾತು ಸಾಕು. ಹಳೇ ಬಣ್ಣ, ಹಳೇ ಕಾಗದ ಎರಡೂ ಇರೋ ಕಾರಾದ್ರೆ ಹೋಗಿ. ಹೋಗೋಕ್ ಮುಂಚೆ ಮನೇಲಿ ಡೀಲರ್ ಇನ್‌ವಾಯ್ಸ್, ಹಳೇ ಇನ್ಶೂರೆನ್ಸ್ ಪಾಲಿಸಿ, ಟ್ಯಾಕ್ಸ್ ರಸೀದಿ, ಕಾರಿನ ಮುಂದೆ ನಿಂತು ತೆಗೆಸ್ಕೊಂಡ ಮದುವೆ ಮುಂಜಿ ಫೋಟೋ, ನಂಬರ್ ಪ್ಲೇಟ್ ಕಾಣೋ ಥರದ್ದು, ಎಲ್ಲ ಒಂದು ಕವರಿಗೆ ಹಾಕಿಟ್ಕೊಳ್ಳಿ, ಒರಿಜಿನಲ್ ಕೊಡೋಕ್ ಮುಂಚೆ ಸ್ಕ್ಯಾನ್ ಮಾಡ್ಸಿ. ಕೀ ಕೊಡೋಕ್ ಮುಂಚೆ ಕಮಿಷನ್ ಎಷ್ಟು, ಅದ್ರ ಮೇಲೆ ಇನ್ನೇನೇನು, ಕಾರನ್ನ ಯಾರು ಎಲ್ಲಿಗೆ ಓಡಿಸ್ಬಹುದು ಅನ್ನೋದನ್ನ ಬರವಣಿಗೇಲಿ ತಗೊಳ್ಳಿ. ಕೇಳಿದ್ರೆ ಬರ್ಕೊಡ್ತಾರೆ, ಅವ್ರಾಗೇ ಕೊಡಲ್ಲ. ಮತ್ತೆ ಫೋನ್ ಮಾಡೋದಾದ್ರೆ ಬೆಳಗ್ಗೆ ಎಂಟರೊಳಗೆ ಮಾಡಿ, ಯಜಮಾನ್ರು ಶೆಡ್‌ಗೆ ಹೊರಡೋಕ್ ಮುಂಚೆ ಎತ್ತೋದು ಅದೊಂದೇ ಟೈಮು.